ಮಾಸ್ತಿ ಕತೆಗಳ ಸಂಪುಟ ಕೈಗೆ ಬಂತು, ಈಗ ಓದುವುದು ಹೇಗೆ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳ ಪುಸ್ತಕ ಅದು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಅಲ್ಲಿಂದೀಚೆಗೆ ನನಗೆ ಪರಿಚಯದವರು ಕೇಳುವ ಒಂದು ಪ್ರಶ್ನೆ ಇದೆ: "ಕನ್ನಡದ ಕತೆಗಳನ್ನು ಓದಬೇಕು ಅನ್ನಿಸ್ತಿದೆ, ಯಾರಿಂದ ಶುರು ಮಾಡಲಿ?"

ಇದಕ್ಕೆ ಹಿರಿಯರು ಥಟ್ಟನೆ ಹೇಳುವ ಹೆಸರು ಮಾಸ್ತಿ. ಸರಿ ಅಂತ ಅಂಗಡಿಗೋ ಲೈಬ್ರರಿಗೋ ಹೋಗಿ ಒಂದು ಸಂಪುಟ ತರುತ್ತೀರಿ. ಮೊದಲ ಕತೆಯಲ್ಲಿ ಹಳ್ಳಿಯ ಹುಡುಗನೊಬ್ಬನ ಮದುವೆ. ನಾಲ್ಕು ಪುಟ ತಿರುಗಿಸಿದರೆ ಮೊಸರು ಮಾರುವ ಹೆಂಗಸು. ಇನ್ನೊಂದು ಕಡೆ ಬುದ್ಧನ ಶಿಷ್ಯ. ಮತ್ತೊಂದು ಕಡೆ ರಷ್ಯಾದ ಟಾಲ್‌ಸ್ಟಾಯ್. ಇದೇನು, ಒಬ್ಬರೇ ಬರೆದದ್ದಾ ಅನ್ನಿಸುತ್ತದೆ. ಮೂರನೇ ಕತೆಗೆ ಪುಸ್ತಕ ಮುಚ್ಚಿಟ್ಟವರು ನನಗೆ ಗೊತ್ತು. ನಾನು ಎಡವಿದ್ದು ಇನ್ನೊಂದು ಬಗೆಯಲ್ಲಿ. ಒಂದೇ ಭಾನುವಾರ ಎಂಟು ಕತೆ ಓದಿ ಮುಗಿಸಿದ್ದೆ. ಸೋಮವಾರ ಬೆಳಿಗ್ಗೆ ಯಾವುದು ಯಾವ ಕತೆ ಅಂತಲೇ ನೆನಪಿರಲಿಲ್ಲ.

ಹಾಗಾಗಿ ಬುಡದಿಂದ ನೋಡೋಣ.

ಸಣ್ಣಕತೆ ಎಂದರೆ ಬರೀ ಚಿಕ್ಕ ಕತೆಯಲ್ಲ

ಕತೆ ನಮಗೆ ಹೊಸದಲ್ಲ. ಪಂಚತಂತ್ರ ಇತ್ತು, ವಡ್ಡಾರಾಧನೆ ಇತ್ತು, ಅಜ್ಜಿ ಹೇಳುವ ಕತೆಗಳಿದ್ದವು. ಆದರೆ "ಸಣ್ಣಕತೆ" ಅಂತ ಈಗ ನಾವು ಕರೆಯುವುದು ಪತ್ರಿಕೆಗಳ ಜೊತೆ ಬೆಳೆದ ಬರವಣಿಗೆ. ಅದರಲ್ಲಿ ರಾಜಕುಮಾರ, ಮಾತಾಡುವ ನರಿ ಇರಬೇಕಾಗಿಲ್ಲ. ಪಕ್ಕದ ಬೀದಿಯವರು ಸಾಕು. ಒಂದು ಕೂತಲ್ಲಿ ಓದಿ ಮುಗಿಯಬೇಕು.

ಕಾದಂಬರಿಗೂ ಇದಕ್ಕೂ ಏನು ವ್ಯತ್ಯಾಸ? ಕಾದಂಬರಿ ಎಂದರೆ ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದ ಸಂಸಾರದ ಹಾಗೆ. ಅವರ ಮದುವೆ, ಮುಂಜಿ, ಜಗಳ, ಸಾವು ಎಲ್ಲಾ ನೋಡಿರುತ್ತೀರಿ. ಸಣ್ಣಕತೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವರ ಹಾಗೆ. ಅರ್ಧ ಗಂಟೆ ಮಾತಾಡುತ್ತಾರೆ, ಏನೋ ಒಂದು ಸಂಗತಿ ಹೇಳುತ್ತಾರೆ, ತಮ್ಮ ಸ್ಟಾಪ್ ಬಂದಾಗ ಇಳಿದು ಹೋಗುತ್ತಾರೆ. ಮುಂದೇನಾಯಿತು ಎಂದು ನಿಮಗೆ ಗೊತ್ತಾಗುವುದಿಲ್ಲ. ಅವರು ಹೇಳಿದ ಆ ಒಂದು ಸಂಗತಿ ಮಾತ್ರ ತಲೆಯಲ್ಲಿ ಉಳಿದುಬಿಡುತ್ತದೆ.

ಈ ಬಸ್ಸಿನ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ. ಮಾಸ್ತಿಯವರ ವಿಷಯದಲ್ಲಿ ಇದು ಬರೀ ಹೋಲಿಕೆಯಾಗಿ ಉಳಿಯುವುದಿಲ್ಲ. ಅವರ ಎಷ್ಟೋ ಕತೆಗಳನ್ನು ಹೀಗೆ ಯಾರೋ ಒಬ್ಬರು ಕೂತು ಹೇಳುತ್ತಾರೆ.

ಮಾಸ್ತಿ ಯಾರು, ಎರಡು ಮಾತಿನಲ್ಲಿ

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯಲ್ಲಿ. ಮಾಸ್ತಿ ಅನ್ನುವುದು ಮಾಲೂರು ತಾಲ್ಲೂಕಿನ ಊರಿನ ಹೆಸರು. ತೀರಿಕೊಂಡದ್ದು 1986ರಲ್ಲಿ, ಅದೇ ಜೂನ್ 6ರಂದು. ಮನೆಮಾತು ತಮಿಳು. ಜನ ಪ್ರೀತಿಯಿಂದ ಕರೆದದ್ದು "ಮಾಸ್ತಿ ಕನ್ನಡದ ಆಸ್ತಿ" ಅಂತ. "ಶ್ರೀನಿವಾಸ" ಅವರ ಕಾವ್ಯನಾಮ, ಅಂದರೆ ಬರೆಯಲು ಇಟ್ಟುಕೊಂಡ ಹೆಸರು. ಹಳೆಯ ಪುಸ್ತಕಗಳ ಮೇಲೆ ಬರೀ ಶ್ರೀನಿವಾಸ ಅಂತ ಕಂಡರೆ ಬೇರೆ ಯಾರೋ ಅಂದುಕೊಳ್ಳಬೇಡಿ.

ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು. ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸ್ ಸೇರಿದರು. ಜಿಲ್ಲಾಧಿಕಾರಿ ಹಂತದವರೆಗೆ ಏರಿದರು. "ಕೆಲವು ಸಣ್ಣ ಕತೆಗಳು" ಅನ್ನುವ ಮೊದಲ ಸಂಕಲನ 1920ರಲ್ಲಿ ಬಂತು. ಒಟ್ಟು ಸುಮಾರು ನೂರು ಕತೆ ಬರೆದರು. 1968ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು ಅವರ ಸಣ್ಣ ಕತೆಗಳ 12-13ನೇ ಸಂಪುಟಕ್ಕೆ. 1983ರ ಜ್ಞಾನಪೀಠ ಮಾತ್ರ ಕೊಡಗಿನ ಕೊನೆಯ ದೊರೆಯ ಮೇಲೆ ಬರೆದ "ಚಿಕವೀರ ರಾಜೇಂದ್ರ" ಕಾದಂಬರಿಗೆ.

ಅವರನ್ನು "ಕನ್ನಡ ಸಣ್ಣಕತೆಯ ಜನಕ" ಎಂದು ಕರೆಯುವ ರೂಢಿ ಇದೆ. ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಪಂಜೆ ಮಂಗೇಶರಾಯರು, ಕೆರೂರು ವಾಸುದೇವಾಚಾರ್ಯರು ಅವರಿಗಿಂತ ಮೊದಲೇ ಕತೆ ಬರೆದಿದ್ದರು. ಹುಟ್ಟಿಸಿದವರು ಬೇರೆ, ಸಾಕಿ ದೊಡ್ಡದು ಮಾಡಿದವರು ಬೇರೆ ಅಂತ ತಿಳಿದರೆ ಲೆಕ್ಕ ಸರಿಹೋಗುತ್ತದೆ.

ಹೇಳುತ್ತಿರುವವರು ಯಾರು?

ಮಾಸ್ತಿಯವರ ಯಾವ ಕತೆ ತೆರೆದರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಏನಾಯಿತು ಅನ್ನುವುದು ಆಮೇಲೆ.

ಕತೆಯೊಳಗೆ ಕೂತು ಕತೆ ಹೇಳುವವನನ್ನು ನಿರೂಪಕ ಅನ್ನುತ್ತಾರೆ. ನಿರೂಪಕ ಬೇರೆ, ಲೇಖಕ ಬೇರೆ. ಯಕ್ಷಗಾನದಲ್ಲಿ ರಾವಣನ ವೇಷ ಹಾಕಿದವನು ರಾವಣನಲ್ಲ, ಹಾಗೆಯೇ ಇದು. ಕತೆಯಲ್ಲಿ "ನಾನು" ಅಂತ ಬಂದ ಕೂಡಲೇ ನಾವು ಅದು ಮಾಸ್ತಿಯೇ ಅಂದುಕೊಳ್ಳುತ್ತೇವೆ. ಅಲ್ಲೇ ಅರ್ಧ ಕತೆ ಕೈತಪ್ಪಿ ಹೋಗುತ್ತದೆ.

"ರಂಗನ ಮದುವೆ" ನೋಡಿ. 1910ರ ಸುಮಾರಿಗೆ ಬರೆದದ್ದು, ಅವರ ಮೊದಲ ಕತೆ. ಹೊಸಹಳ್ಳಿಯ ಶ್ಯಾಮ ಅನ್ನುವವನು ಹೇಳುತ್ತಾನೆ. ಕತೆ ಶುರು ಮಾಡುವುದಕ್ಕೆ ಅವನಿಗೆ ಅವಸರವೇ ಇಲ್ಲ. ಜಗನ್ನಾಥ ವಿಜಯ, ಗಿರಿಜಾ ಕಲ್ಯಾಣ ಅಂತ ಬಾಯಿ ತುಂಬುವ ಹೆಸರುಗಳಿವೆಯಲ್ಲ, ನಾನೂ ರಂಗನಾಥ ವಿಜಯ ಅಂತ ಇಡಬಹುದಿತ್ತು; ಆದರೆ ಇದು ನಮ್ಮೂರ ರಂಗನ ಮದುವೆ, ಅಷ್ಟೇ ಅನ್ನುತ್ತಾನೆ. ಆಮೇಲೆ ಊರಿನ ವರ್ಣನೆ. ನಮ್ಮೂರು ಭೂಗೋಳದ ಪುಸ್ತಕದಲ್ಲಿ ಇಲ್ಲ ಅಂತ ಬೇಸರ. ಮೈಸೂರು ಸೀಮೆಗೆ ನಮ್ಮೂರು ಕರಿಗಡುಬಿಗೆ ಹೂರಣ ಇದ್ದಂತೆ ಅಂತ ಜಂಬ. ಅಲ್ಲಿನ ಮಾವಿನಕಾಯಿ ಕಚ್ಚಿದರೆ ಹುಳಿ ನೇರ ಬ್ರಹ್ಮರಂಧ್ರಕ್ಕೆ ಏರುತ್ತದಂತೆ.

ಈಗಿನ ಓದುಗರಿಗೆ ಇಲ್ಲೇ ತಾಳ್ಮೆ ತಪ್ಪುವುದು. ಮದುವೆ ಎಲ್ಲಿ, ರಂಗ ಎಲ್ಲಿ? ಸ್ವಲ್ಪ ನಿಧಾನಿಸಿ. ಈ ಮೂರು ಪುಟದಲ್ಲಿ ಶ್ಯಾಮ ತನ್ನನ್ನೇ ತೋರಿಸಿಕೊಳ್ಳುತ್ತಿದ್ದಾನೆ. ಮಾತಿನ ಚಪಲ, ಊರಿನ ಮೇಲೆ ಅಭಿಮಾನ, ಒಳಗೊಳಗೇ ತುಂಟತನ. ಮುಂದೆ ರಂಗನ ಮದುವೆಯ ಹಿಂದೆ ಕೈ ಆಡಿಸುವವನು ಇವನೇ. ಅದಕ್ಕೇ ಇವನ ಪರಿಚಯ ಮೊದಲು ಆಗಬೇಕು.

ರಂಗ ಶಾನುಭೋಗರ ಮಗ. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಓದಿ ಬಂದಿದ್ದಾನೆ. ಅವನನ್ನು ನೋಡಲು ಊರೇ ಸೇರುತ್ತದೆ. ಒಬ್ಬ ಅಜ್ಜಿ ಅವನ ಎದೆ ಸವರಿ, ಜನಿವಾರ ಇದೆ ಅಂತ ಖಾತ್ರಿ ಮಾಡಿಕೊಂಡು, ಜಾತಿ ಕೆಟ್ಟಿಲ್ಲ ಅಂತ ತೀರ್ಪು ಕೊಡುತ್ತಾಳೆ. ಇನ್ನೊಂದು ಕಡೆ, ಒಂದು ಮನೆಯ ಹುಡುಗ ಸೌದೆ ಮಾರುವ ಮುದುಕಿಗೆ "ಚೇಂಜ್ ಇಲ್ಲ, ನಾಳೆ ಬಾ" ಅನ್ನುತ್ತಾನೆ. ಅವಳಿಗೆ ಚೇಂಜ್ ಅಂದರೆ ಏನೋ ಗೊತ್ತಿಲ್ಲ. ಗೊಣಗಿಕೊಂಡು ಹೋಗುತ್ತಾಳೆ. ಶ್ಯಾಮನೂ ಒಪ್ಪಿಕೊಳ್ಳುತ್ತಾನೆ, ತನಗೂ ಗೊತ್ತಿರಲಿಲ್ಲ, ರಂಗನ ಹತ್ತಿರ ಕೇಳಿ ತಿಳಿದೆ ಅಂತ.

ಶ್ಯಾಮನಿಗೆ ಚೇಂಜ್ ಅನ್ನುವ ಪದ ಗೊತ್ತಿಲ್ಲ. ಶ್ಯಾಮನನ್ನು ಬರೆದವರು ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪಡೆದವರು! ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ವಯಸ್ಸಿನಲ್ಲೂ ಓದಿನಲ್ಲೂ ಅವರು ರಂಗನಿಗೇ ಹತ್ತಿರ. ಆದರೂ ಕತೆ ಹೇಳುವ ಕೆಲಸವನ್ನು ರಂಗನಿಗೆ ಕೊಡಲಿಲ್ಲ, ಹಳ್ಳಿಯಲ್ಲೇ ಉಳಿದ ಶ್ಯಾಮನಿಗೆ ಕೊಟ್ಟರು. ಹೀಗಾಗಿ ಓದಿದವನನ್ನು ಓದದವರ ಕಣ್ಣಿನಿಂದ ನೋಡಿ ನಗುವ ಅವಕಾಶ ನಮಗೆ ಸಿಗುತ್ತದೆ. ಇದೇ ಕತೆಯನ್ನು ರಂಗ ಹೇಳಿದ್ದರೆ ಹಳ್ಳಿಯವರನ್ನು ನೋಡಿ ನಗುವ ಕತೆಯಾಗುತ್ತಿತ್ತು, ಅಲ್ವಾ?

ಪ್ರೌಢಳಾದ, ತಾನು ಮೆಚ್ಚಿದ ಹುಡುಗಿಯನ್ನೇ ಮದುವೆಯಾಗುವುದು ಅನ್ನುವುದು ರಂಗನ ಹೊಸ ವಿಚಾರ. ಶ್ಯಾಮ ಉಪಾಯ ಮಾಡುತ್ತಾನೆ. ರಾಮರಾಯರ ಸೋದರ ಸೊಸೆ ರತ್ನ ಹಾಡುವುದು ರಂಗನ ಕಿವಿಗೆ ಬೀಳುವಂತೆ ಮಾಡುತ್ತಾನೆ. ಅವಳಿಗೆ ಮದುವೆಯಾಗಿದೆ ಅಂತ ಒಂದು ಸುಳ್ಳು ಹೇಳಿ ಅವನ ಮುಖ ಬಾಡುವುದನ್ನು ನೋಡುತ್ತಾನೆ. ಜ್ಯೋತಿಷ್ಯ ಹೇಳುವ ಶಾಸ್ತ್ರಿಗೆ ಮೊದಲೇ ಪಾಠ ಹೇಳಿಕೊಟ್ಟಿರುತ್ತಾನೆ. ಕೊನೆಗೆ ಶಾಸ್ತ್ರಿ ಒಪ್ಪುವುದೇ ಇಲ್ಲ. ನೀನು ಸೂಚನೆ ಕೊಟ್ಟಿರಬಹುದು, ಆದರೆ ನಾನು ಹೇಳಿದ್ದು ಶಾಸ್ತ್ರದ ಲೆಕ್ಕದಿಂದಲೇ ಅನ್ನುತ್ತಾನೆ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದವನು ಈ ಶಾಸ್ತ್ರಿ.

ಒಂದು ತಮಾಷೆ. ಈ ಕತೆ ಸಿ.ಬಿ.ಎಸ್.ಇ. ಹನ್ನೊಂದನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿತ್ತು. ಇಂಗ್ಲಿಷ್ ವ್ಯಾಮೋಹವನ್ನು ನೋಡಿ ನಗುವ ಕತೆಯನ್ನು ಬೆಂಗಳೂರಿನ ಎಷ್ಟೋ ಕನ್ನಡದ ಮಕ್ಕಳು ಮೊದಲ ಸಲ ಓದಿದ್ದು ಇಂಗ್ಲಿಷಿನಲ್ಲಿ.

ಮಂಗಮ್ಮ, ಮತ್ತು ಎರಡನೇ ಸಲದ ಓದು

ಇದೇ ಪ್ರಶ್ನೆಯನ್ನು "ಮೊಸರಿನ ಮಂಗಮ್ಮ"ನಿಗೆ ಹಾಕಿ. ಇಲ್ಲಿ "ನಾನು" ಅನ್ನುವುದು ಒಬ್ಬ ಗೃಹಿಣಿ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ಬರುವ ಮಂಗಮ್ಮ ಅವಳ ಮನೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾಳೆ, ಎಲೆಅಡಿಕೆ ಹಾಕುತ್ತಾಳೆ, ಮನೆಯ ಸುದ್ದಿ ಹೇಳುತ್ತಾಳೆ. ಸೊಸೆ ನಂಜಮ್ಮ ಮಗುವಿಗೆ ಹೊಡೆದಳು, ಕೇಳಿದ್ದಕ್ಕೆ ಜಗಳವಾಯಿತು, ಮಗ ಹೆಂಡತಿಯ ಕಡೆ ನಿಂತ, ಅಡಿಗೆ ಬೇರೆಯಾಯಿತು. ಯಾರಿಗಾಗಿ ಕೂಡಿಡಲಿ ಅಂತ ಮಂಗಮ್ಮ ಒಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಊರಿನ ರಂಗಪ್ಪ ಅನ್ನುವವನು ಸುಮ್ನೆ ಮಾತಿಗೆ ಬಂದು ದುಡ್ಡು ಕೇಳಲು ಶುರು ಮಾಡುತ್ತಾನೆ.

ನಾವು ಪೂರ್ತಿ ಮಂಗಮ್ಮನ ಕಡೆ ವಾಲಿರುತ್ತೇವೆ. ಸೊಸೆ ಕೆಟ್ಟವಳು, ತೀರಿತು. ಆಗ ಕತೆ ಒಂದು ಕೆಲಸ ಮಾಡುತ್ತದೆ. ನಂಜಮ್ಮನೂ ಆ ಮನೆಗೆ ಬಂದು ತನ್ನ ಮಾತು ಹೇಳುತ್ತಾಳೆ. ಗಂಡನೂ ಅತ್ತೆಯ ಕೈಯಲ್ಲಿ, ಮಗುವೂ ಅತ್ತೆಯ ಕೈಯಲ್ಲಿ ಆದರೆ ಈ ಮನೆಯಲ್ಲಿ ನನ್ನದು ಏನು ಅನ್ನುವ ಅರ್ಥದ ಪ್ರಶ್ನೆ ಅವಳದು. ಅದೂ ಸರಿಯೇ ಅನ್ನಿಸುತ್ತದೆ.

ಈಗ ಮೊದಲ ಪುಟಕ್ಕೆ ಹಿಂದಿರುಗಿ ಓದಿ. ಮಂಗಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಈಗ ಅದು ಒಬ್ಬರ ಕಡೆಯ ಮಾತು ಮಾತ್ರ. ಅಕ್ಕಪಕ್ಕದ ಮನೆಯ ಜಗಳದಲ್ಲಿ ಇಬ್ಬರೂ ನಿಮ್ಮ ಹತ್ತಿರವೇ ಬಂದು ದೂರು ಹೇಳಿದಾಗ ಆಗುವ ಇಕ್ಕಟ್ಟು ಇದೆಯಲ್ಲ, ಅದೇ ಇದು. ಮಾಸ್ತಿಯವರ ಕತೆಗಳಲ್ಲಿ ದೊಡ್ಡ ತಿರುವು ಹುಡುಕಿ ಸೋತವರು ಇಲ್ಲಿ ನೋಡಬೇಕು. ತಿರುವು ಬರುವುದು ಕೇಳಿಸಿಕೊಂಡ ನಮ್ಮೊಳಗೆ.

ಈ ಕತೆ ಬಿಹಾರದ ಹತ್ತನೇ ತರಗತಿಯ ಹಿಂದಿ ಪಠ್ಯದಲ್ಲಿದೆ. "ದಹೀ ವಾಲೀ ಮಂಗಮ್ಮ" ಅಂತ. ನಮ್ಮ ಮಂಗಮ್ಮ ಅಲ್ಲಿ ನಮಗಿಂತ ಜಾಸ್ತಿ ಪರಿಚಿತಳು ಇರಬಹುದು!

ಇಷ್ಟೊಂದು ಬಗೆ ಯಾಕೆ?

ಒಂದು ಕಾರಣ ಅವರ ಕೆಲಸ. ಕಂದಾಯದ ಅಧಿಕಾರಿಗೆ ಊರೂರು ತಿರುಗಾಟ. ಬಂಗಲೆಯಲ್ಲಿ ಮೊಕ್ಕಾಂ. ಸಂಜೆಯಾದರೆ ಊರವರು ಬಂದು ಮಾತಾಡುತ್ತಾರೆ, ಈ ಕೋಟೆ ಯಾರದು, ಆ ಗುಡಿಯಲ್ಲಿ ಏನಾಯಿತು ಅಂತ. ಇನ್ನೊಂದು ಕಾರಣ ಓದು. ಮನೆಯಲ್ಲಿ ಶ್ರೀವೈಷ್ಣವ ಪರಂಪರೆ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ, ಅದರ ಮೇಲೆ ಚರಿತ್ರೆಯ ಹುಚ್ಚು.

ಆದ್ದರಿಂದ ಒಂದು ಕಡೆ "ವೆಂಕಟಿಗನ ಹೆಂಡತಿ", "ಕಲ್ಮಾಡಿಯ ಕೋಣ" ಅಂಥ ಹಳ್ಳಿಯ ಕತೆಗಳು. ಇನ್ನೊಂದು ಕಡೆ "ನಿಜಗಲ್ಲಿನ ರಾಣಿ", "ಪೆನುಗೊಂಡೆಯ ಕೃಷ್ಣಮೂರ್ತಿ" ಅಂಥ ಚರಿತ್ರೆಯ ಕತೆಗಳು. ನಿಜಗಲ್ಲು ಎಂದರೆ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯ ಹತ್ತಿರ ಇರುವ ಬೆಟ್ಟದ ಕೋಟೆ. ಹೈವೇಯಲ್ಲಿ ಹೋಗುವಾಗ ನೀವೂ ನೋಡಿರುತ್ತೀರಿ. ಮತ್ತೊಂದು ಕಡೆ "ಸಾರಿಪುತ್ರನ ಕಡೆಯ ದಿನಗಳು", "ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜ ವೃಕ್ಷಗಳು". ಹೆಸರಿನಲ್ಲೇ ನೋಡಿ, ರಷ್ಯಾದ ಲೇಖಕನನ್ನು ಮಹರ್ಷಿ ಮಾಡಿಬಿಟ್ಟಿದ್ದಾರೆ.

ಈ ಮೂರನೇ ಬಗೆಗೆ ಸ್ವಲ್ಪ ಸಿದ್ಧತೆ ಬೇಕು. ಹಳ್ಳಿಯ ಕತೆಗೆ ನೇರ ನುಗ್ಗಬಹುದು. ಸಾರಿಪುತ್ರ ಯಾರು ಅಂತಲೇ ಗೊತ್ತಿಲ್ಲದೆ ಅವನ ಕಡೆಯ ದಿನಗಳನ್ನು ಓದಿದರೆ ಅಪರಿಚಿತರ ಮನೆಯ ಸಾವಿಗೆ ಹೋದ ಹಾಗಾಗುತ್ತದೆ. ಅವನು ಬುದ್ಧನ ಇಬ್ಬರು ಮುಖ್ಯ ಶಿಷ್ಯರಲ್ಲಿ ಒಬ್ಬ. ಕೊನೆಗಾಲದಲ್ಲಿ ತಾಯಿಯ ಮನೆಗೆ ಮರಳಿದ ಎಂದು ಬೌದ್ಧ ಪರಂಪರೆ ಹೇಳುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಐದು ನಿಮಿಷ ಹುಡುಕಿ ತಿಳಿದುಕೊಂಡು ಆಮೇಲೆ ಕತೆಗೆ ಬನ್ನಿ.

ಹಳೆಯ ದುಡ್ಡು, ಹಳೆಯ ಹುದ್ದೆ, ಹಳೆಯ ಪದ್ಧತಿ

ಓದುವಾಗ ಕಾಲಿಗೆ ಸಿಕ್ಕುವ ಕಲ್ಲುಗಳು ಇವೇ. ಒಂದು ರೂಪಾಯಿಗೆ 16 ಆಣೆ. ನಾಲ್ಕು ಆಣೆ ಒಂದು ಪಾವಲಿ. ಈಗಿನ 100 ಪೈಸೆ ಲೆಕ್ಕ ಬಂದದ್ದು 1957ರ ಏಪ್ರಿಲ್‌ನಲ್ಲಿ. ಶಾನುಭೋಗ ಎಂದರೆ ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುವವನು. ಪಟೇಲ ಊರಿನ ಮುಖ್ಯಸ್ಥ. ಅಮಲ್ದಾರ ತಾಲ್ಲೂಕಿನ ಅಧಿಕಾರಿ, ಈಗಿನ ತಹಸೀಲ್ದಾರ ಅಂದುಕೊಳ್ಳಿ. ಶಾನುಭೋಗರ ಮಗನೇ ಬೆಂಗಳೂರಿಗೆ ಓದಲು ಹೋದ ಅಂದರೆ ಈಗ ಅರ್ಥವಾಗುತ್ತದೆ. ಊರಿನಲ್ಲಿ ಕಾಗದ-ಲೇಖನಿಯ ಬೆಲೆ ತಿಳಿದ ಮನೆ ಅದು.

ಎಡವುವುದು ಜಾಸ್ತಿ ಇನ್ನೊಂದು ಕಡೆ. ರಂಗನ ಕತೆಯ ರತ್ನನಿಗೆ ಹನ್ನೊಂದು ವರ್ಷ. ಇದನ್ನು ಓದಿ ಮುಜುಗರವಾಗದಿದ್ದರೆ ಆಶ್ಚರ್ಯ. ಹಿನ್ನೆಲೆ ಹೀಗಿದೆ: ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯಲು ಕಾನೂನು ಮಾಡಿತ್ತು. ಆದರೆ ಅದು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಅಂದರೆ ಹನ್ನೊಂದು ಆಗ ಕಾನೂನಿಗೂ ಸರಿ, ಊರಿಗೂ ಸರಿ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಈ ಕತೆ ಬರೆದ ಎಷ್ಟೋ ವರ್ಷಗಳ ನಂತರ. ಇದು ತಿಳಿದ ಮೇಲೂ ಮುಜುಗರ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ದೊಡ್ಡ ಹುಡುಗಿಯನ್ನೇ ಆಗುತ್ತೇನೆ ಅಂದ ರಂಗ ಎಷ್ಟು ಬೇಗ ಮಾತು ಮರೆತ ಅನ್ನುವುದು ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತದೆ.

ಮಾಸ್ತಿ ನವೋದಯ ಕಾಲದವರು. ನವೋದಯ ಎಂದರೆ ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಕನ್ನಡ ಬರವಣಿಗೆ ಹೊಸ ರೂಪಗಳನ್ನು ಕಲಿತ ಕಾಲ. ಆಮೇಲೆ ಬಂದ ನವ್ಯದವರಿಗೆ ಈ ಕತೆಗಳ ಸಮಾಧಾನ ಸಾಲದಾಯಿತು. ಅವರ ಕಣ್ಣು ಒಬ್ಬಂಟಿ ಮನುಷ್ಯನ ಒಳಗಿನ ಗೊಂದಲದ ಕಡೆ ತಿರುಗಿತು. 1970ರ ದಶಕದಲ್ಲಿ ಎದ್ದ ದಲಿತ-ಬಂಡಾಯದವರು ಇನ್ನೊಂದು ಪ್ರಶ್ನೆ ಎತ್ತಿದರು: ಊರಿನ ಕತೆ ಹೇಳುವ ಕುರ್ಚಿಯಲ್ಲಿ ಇಲ್ಲಿಯವರೆಗೆ ಕೂತವರು ಯಾರು? ಬಾನು ಮುಷ್ತಾಕ್ ಬರವಣಿಗೆಗೆ ಬಂದದ್ದು ಆ ಬಂಡಾಯದ ಹಿನ್ನೆಲೆಯಿಂದ. ಹೇಳುತ್ತಿರುವವರು ಯಾರು ಅನ್ನುವ ಪ್ರಶ್ನೆಯನ್ನು ಮಾಸ್ತಿಯವರಲ್ಲಿ ಅಭ್ಯಾಸ ಮಾಡಿಕೊಂಡರೆ ಅದು ಅವರ ನಂತರದವರನ್ನು ಓದುವಾಗಲೂ ಕೆಲಸಕ್ಕೆ ಬರುತ್ತದೆ.

ಯಾವ ಕ್ರಮದಲ್ಲಿ, ದಿನಕ್ಕೆ ಎಷ್ಟು?

ಸಂಪುಟವನ್ನು ಒಂದನೇ ಪುಟದಿಂದ ಕೊನೆಯವರೆಗೆ ಓದಲೇಬೇಕು ಅಂತ ಯಾರೂ ಹೇಳಿಲ್ಲ. ಕತೆಗಳ ಸಂಕಲನ ಉಪ್ಪಿನಕಾಯಿ ಭರಣಿಗಳ ಸಾಲು ಇದ್ದ ಹಾಗೆ. ಎಲ್ಲವನ್ನೂ ಒಂದೇ ಊಟಕ್ಕೆ ಬಡಿಸಿಕೊಂಡರೆ ನಾಲಗೆ ಸತ್ತುಹೋಗುತ್ತದೆ.

ದಿನಕ್ಕೆ ಒಂದು ಕತೆ. ಮೊದಲ ವಾರ ಹಳ್ಳಿಯ ಕತೆಗಳು. ಅದರಲ್ಲೂ ಒಂದನ್ನು ಜೋರಾಗಿ ಓದಿ, ಮನೆಯಲ್ಲಿ ಕೇಳುವವರು ಯಾರಾದರೂ ಇದ್ದರೆ. ಮಾಸ್ತಿಯವರ ವಾಕ್ಯಗಳು ಬಾಯಿಗೆ ಬಂದಾಗಲೇ ಅವುಗಳ ನಗು ತಿಳಿಯುವುದು. ಕಣ್ಣಿನಲ್ಲಿ ಓದುವಾಗ ಪೇಲವ ಅನ್ನಿಸಿದ ಸಾಲು ಓದಿ ಹೇಳುವಾಗ ಕಚಗುಳಿ ಇಡುತ್ತದೆ. ಆಮೇಲೆ ಚರಿತ್ರೆ. ಸಾರಿಪುತ್ರ, ಟಾಲ್‌ಸ್ಟಾಯ್ ಕೊನೆಗೆ ಇರಲಿ. 1928ರ "ಸುಬ್ಬಣ್ಣ" ಒಬ್ಬ ಸಂಗೀತಗಾರನ ಬಾಳಿನ ಕತೆ. ಅದು ನೀಳ್ಗತೆ, ಅಂದರೆ ಸಣ್ಣಕತೆಗಿಂತ ಉದ್ದ, ಕಾದಂಬರಿಗಿಂತ ಚಿಕ್ಕದು. ಅದಕ್ಕೆ ಒಂದು ಪೂರ್ತಿ ಸಂಜೆ ಎತ್ತಿಡಿ.

ಒಂದು ಕತೆ ಹಿಡಿಸಲಿಲ್ಲವೇ? ಬಿಟ್ಟು ಮುಂದಕ್ಕೆ ಹೋಗಿ. ನೂರು ಕತೆಯಲ್ಲಿ ಎಲ್ಲವೂ ಒಂದೇ ಎತ್ತರದಲ್ಲಿಲ್ಲ. ಕೆಲವು ಕಡೆ ಅಧಿಕಾರಿ ಮಾಸ್ತಿ ಕತೆಗಾರ ಮಾಸ್ತಿಯನ್ನು ಪಕ್ಕಕ್ಕೆ ಸರಿಸಿ ಉಪದೇಶಕ್ಕೆ ನಿಲ್ಲುತ್ತಾರೆ. ಆ ಪುಟಗಳಲ್ಲಿ ನಾನೂ ಬೇಗ ಬೇಗ ಕಣ್ಣಾಡಿಸಿದ್ದೇನೆ. ಆದರೆ ಬಿಡುವ ಮುಂಚೆ ಒಂದು ಸಲ ನೋಡಿ, ಇದನ್ನು ಹೇಳುತ್ತಿರುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ ಅಂತ. ಎಷ್ಟೋ ಸಲ ಉಪದೇಶ ಮಾಡುತ್ತಿರುವವನು ಲೇಖಕನಾಗಿರುವುದಿಲ್ಲ, ಜಗಲಿಯ ಮೇಲೆ ಕೂತ ಇನ್ಯಾರೋ ಆಗಿರುತ್ತಾನೆ.

ರಂಗನ ಮದುವೆಯಿಂದ ಶುರುವಾದ ಅವರ ಬರವಣಿಗೆ ಎಪ್ಪತ್ತೈದು ವರ್ಷ ನಡೆಯಿತು. ಕೊನೆಯ ಪುಸ್ತಕ ಬಂದದ್ದು 1985ರಲ್ಲಿ. ಅದರ ಹೆಸರು "ಮಾತುಗಾರ ರಾಮಣ್ಣ".